ಅರಗಿನ ಮನೆಯಿಂದ ಅರಮನೆಯ ಸೆಟ್ಟಿನವರೆಗೆ

ವೀರರ ಕಥೆಗಳನ್ನು ಓದುವಾಗ ನಮ್ಮ ಕಣ್ಣು ಅವರ ಬಿಲ್ಲು, ಗದೆ, ರಥಗಳ ಮೇಲಿರುತ್ತದೆ. ಅವರು ತಂಗಿದ್ದ ಮನೆಗೆ ಬಾಗಿಲುಗಳೆಷ್ಟು, ಗೋಡೆಗಳನ್ನು ಯಾವ ವಸ್ತುವಿನಿಂದ ಕಟ್ಟಿದ್ದರು, ಅಲ್ಲಿ ನೀರು ಹೊತ್ತವರು, ದೀಪ ಹಚ್ಚಿದವರು ಯಾರು ಎಂದು ನಾವು ಕೇಳುವುದು ಅಪರೂಪ. ನಾಯಕರ ಅರಮನೆಗಳನ್ನೂ ಖಳರ ಬೀಡುಗಳನ್ನೂ ಜನರು ದುಡಿಯುವ ಸ್ಥಳಗಳೆಂದು ಭಾವಿಸಿ ನೋಡಿದರೆ ಕಥೆಯ ಇನ್ನೊಂದು ಮುಖ ತೋರುತ್ತದೆ. ಇದು ವಿನೋದದ ವಿಚಾರವೆನಿಸಬಹುದು. ಆದರೆ ಕನ್ನಡನಾಡಿನಲ್ಲಿಯೇ ಇಂತಹ ಒಂದು ಕಲ್ಪಿತ ಅರಮನೆಯಲ್ಲಿ 62 ಮಂದಿ ಪ್ರಾಣ ಕಳೆದುಕೊಂಡಿದ್ದಾರೆ.

ಮೊದಲು ವಾರಣಾವತಕ್ಕೆ ಹೋಗೋಣ. ದುರ್ಯೋಧನನ ಆಣತಿಯಂತೆ ಪುರೋಚನನು ಪಾಂಡವರಿಗಾಗಿ ಕಟ್ಟಿಸಿದ ಮನೆಯ ಸಾಮಗ್ರಿಗಳನ್ನು ವ್ಯಾಸಭಾರತವು ವಿವರವಾಗಿಯೇ ಹೇಳುತ್ತದೆ: ಸೆಣಬು, ರಾಳ, ಬಿದಿರು, ಒಣಹುಲ್ಲು, ತುಪ್ಪ, ಎಣ್ಣೆ, ಕೊಬ್ಬು, ಅರಗುಗಳನ್ನು ಮಣ್ಣಿನೊಡನೆ ಕಲಸಿ ಬಳಿದ ಗೋಡೆ. ಒಳಗೆ ಕಾಲಿಟ್ಟೊಡನೆ ಧರ್ಮರಾಯನು ವಾಸನೆಯಿಂದಲೇ ಅಪಾಯವನ್ನು ಅರಿತನು. ವಿದುರನು ಅವನಿಗೆ ಮೊದಲೇ ಗೂಢವಾದ ಮಾತಿನಲ್ಲಿ ಎಚ್ಚರಿಕೆ ಕೊಟ್ಟಿದ್ದನು. ಅಷ್ಟಕ್ಕೇ ನಿಲ್ಲದೆ ನೆಲ ಅಗೆಯುವುದರಲ್ಲಿ ನಿಪುಣನಾದ ಒಬ್ಬನನ್ನು ಕಳುಹಿಸಿ ಸುರಂಗವನ್ನೂ ತೋಡಿಸಿದನು. ಅಪಾಯವನ್ನು ಗುರುತಿಸುವುದು, ಎಚ್ಚರಿಸುವುದು, ಹೊರಬರುವ ದಾರಿಯನ್ನು ಮೊದಲೇ ಸಿದ್ಧಮಾಡುವುದು ಎಂಬ ಮೂರು ಕೆಲಸಗಳೂ ಅಲ್ಲಿ ನಡೆದವು. ಪಾಂಡವರು ಉಳಿದರು.

ಆದರೆ ಎಲ್ಲರೂ ಉಳಿಯಲಿಲ್ಲ. ಆ ರಾತ್ರಿ ಊಟಕ್ಕೆಂದು ಬಂದು ಅಲ್ಲಿಯೇ ಮಲಗಿದ್ದ ನಿಷಾದ ಹೆಣ್ಣೊಬ್ಬಳು ತನ್ನ ಐವರು ಮಕ್ಕಳೊಡನೆ ಬೆಂದುಹೋದಳು. ಮರುದಿನ ಆರು ಶವಗಳನ್ನು ಕಂಡ ಊರವರು ಕುಂತಿಯೂ ಪಾಂಡವರೂ ಸತ್ತರೆಂದೇ ನಂಬಿದರು. ಆ ತಾಯಿಯ ಹೆಸರಾಗಲಿ ಮಕ್ಕಳ ಹೆಸರಾಗಲಿ ಮೂಲಕಥೆಯಲ್ಲಿಯೇ ಇಲ್ಲ. ಸುರಂಗವಿದ್ದರೂ ಅದರ ಸುದ್ದಿ ಅವರಿಗೆ ತಿಳಿದಿರಲಿಲ್ಲ.

ಭಾರತದ ಕಥೆ ನಮ್ಮ ಮಾರಂಡಹಳ್ಳಿಯ ಸೀಮೆಗೆ ಹೊಸದಲ್ಲ. ಮನೆಯ ಮಾತು ಕನ್ನಡವಾದ ನಮಗೆ ಪಂಪ, ಕುಮಾರವ್ಯಾಸರ ಮೂಲಕ ಬಂದ ಭಾರತವೊಂದು. ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿ ದ್ರೌಪದಿ ಅಮ್ಮನ ಉತ್ಸವಗಳಲ್ಲಿ ತೆರುಕ್ಕೂತ್ತಿನ ಮೂಲಕ ರಾತ್ರಿಯಿಡೀ ಕಾಣುವ ಭಾರತ ಇನ್ನೊಂದು. ತೆರುಕ್ಕೂತ್ತಿನ ರಂಗ ಬಯಲು. ಹಸ್ತಿನಾವತಿಯ ಸಭೆಯೂ ಅಲ್ಲಿಯೇ, ಕುರುಕ್ಷೇತ್ರವೂ ಅಲ್ಲಿಯೇ. ಅವುಗಳಿಗೆ ಗೋಡೆಯಿಲ್ಲ, ಅವಘಡವಾದರೆ ಯಾವ ದಿಕ್ಕಿಗಾದರೂ ಓಡಬಹುದು. ಬಯಲಿನ ಕಥೆ ಸಿನಿಮಾದ ಮುಚ್ಚಿದ ಮಹಡಿಯೊಳಗೆ ಸೇರಿದ ಮೇಲೆ ಈ ಅನುಕೂಲ ತಪ್ಪಿಹೋಯಿತು.

ಇನ್ನು ಮೈಸೂರಿನ ಕಥೆ. ನಮ್ಮ ಸೀಮೆಯನ್ನು ಒಳಗೊಂಡ ಬಾರಾಮಹಲ್ ಪ್ರದೇಶವು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿತ್ತು. ಅವನ ಜೀವನವನ್ನು ಕುರಿತು ಭಗವಾನ್ ಗಿದ್ವಾನಿಯವರು ಬರೆದ ಕಾದಂಬರಿಯನ್ನು ಆಧರಿಸಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ದೂರದರ್ಶನ ಧಾರಾವಾಹಿಗಾಗಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಸೆಟ್ಟು ಹಾಕಿದ್ದರು. 1989ರ ಫೆಬ್ರವರಿ 8ರಂದು ಚಿತ್ರೀಕರಣ ನಡೆಯುತ್ತಿದ್ದಾಗ ಅಲ್ಲಿ ಬೆಂಕಿ ಬಿದ್ದಿತು. 62 ಮಂದಿ ಸತ್ತರು. ನಾಯಕನ ಪಾತ್ರ ವಹಿಸಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟು ಗಾಯಗೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು.

ಅನಂತರ ಹೇಳಲಾದ ಕಾರಣಗಳು ಇವು: ಸಡಿಲವಾದ ವಿದ್ಯುತ್ ತಂತಿಗಳು, ಗಾಳಿ ಆಡಲು ಕಿಂಡಿಗಳಿಲ್ಲದ ಒಳಾಂಗಣ, ದೊಡ್ಡ ದೀಪಗಳ ಶಾಖ, ಮತ್ತು ಬೆಂಕಿ ತಡೆಯುವ ವಸ್ತುವಿನ ಬದಲು ಗೋಡೆಗಳಿಗೆ ಹೊದಿಸಿದ್ದ ಗೋಣಿಚೀಲಗಳು. ಗೋಣಿಯೆಂದರೆ ಸೆಣಬು. ಪುರೋಚನನ ಸಾಮಗ್ರಿಯಲ್ಲಿಯೂ ಮೊದಲು ಬಂದದ್ದು ಸೆಣಬೇ. ಅವನು ಕೊಲ್ಲಬೇಕೆಂದೇ ಅದನ್ನು ತರಿಸಿದನು. ಇಲ್ಲಿ ಹಾಗೆ ಬಯಸಿದವರು ಯಾರೂ ಇರಲಿಲ್ಲ. ಖಳನಿಲ್ಲದೆಯೂ ಅರಗಿನ ಮನೆ ಎದ್ದು ನಿಲ್ಲಬಲ್ಲದು ಎಂಬುದನ್ನು ಮೈಸೂರಿನ ದುರಂತದಿಂದ ನಾವು ತಿಳಿಯಬೇಕು. ಧಾರಾವಾಹಿ 1990ರಲ್ಲಿ ಪ್ರಸಾರವಾಗಿ ಮನೆಮಾತಾಯಿತು. ಅದನ್ನು ಮೆಚ್ಚಿ ನೋಡಿದವರಲ್ಲಿ ಎಷ್ಟು ಮಂದಿ ಆ 62 ಜನರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲರು? ನಿಷಾದ ತಾಯಿಯ ಮರೆವು ಇಲ್ಲಿಯೂ ಮುಂದುವರಿದಿದೆ.

ಅಪಾಯ ಬೆಂಕಿಯೊಂದರಿಂದಲೇ ಅಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಜಲಸ್ತಂಭನ ಮಂತ್ರ ಬಲ್ಲವನಿಗೆ ನೀರು ಕೇಡು ಮಾಡದು. ಮಂತ್ರವಿಲ್ಲದ ನಟರಿಗೆ ಹಾಗಲ್ಲ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಾಯಕನಟರೂ ಖಳರ ಪಾತ್ರದ ಅನಿಲ್ ಮತ್ತು ಉದಯ್ ಅವರೂ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದರು. ನಾಯಕನಟರು ಬದುಕಿ ದಡ ಸೇರಿದರು, ಇನ್ನಿಬ್ಬರೂ ಮುಳುಗಿಹೋದರು. ಅವರಿಗೆ ಜೀವರಕ್ಷಕ ಅಂಗಿ ತೊಡಿಸಿರಲಿಲ್ಲವೆಂದು ಆಗ ಪತ್ರಿಕೆಗಳು ಬರೆದವು. ಖಳನು ಸೋಲಬೇಕೆಂಬುದು ಕಥೆಯ ನಿಯಮವಿರಬಹುದು. ಖಳನ ವೇಷ ತೊಟ್ಟವನೂ ಸಂಜೆ ಮನೆಗೆ ಮರಳಬೇಕು.

1948ರ ಕಾರ್ಖಾನೆಗಳ ಕಾಯಿದೆಯು ಬೆಂಕಿ ಬಿದ್ದಾಗ ಕೆಲಸಗಾರರೆಲ್ಲರೂ ಪಾರಾಗುವ ದಾರಿ ಇರಬೇಕೆಂದೂ, ಆ ದಾರಿ ಅವರಿಗೆ ಪರಿಚಿತವಾಗಿರಬೇಕೆಂದೂ ವಿಧಿಸಿತ್ತು. ಎರಡನೆಯ ಮಾತೇ ಮುಖ್ಯವಾದುದು. ವಾರಣಾವತದಲ್ಲಿ ದಾರಿಯಿತ್ತು, ಅತಿಥಿಗಳಿಗೆ ಅದರ ಅರಿವಿರಲಿಲ್ಲ.

ನಮ್ಮ ಊರುಗಳಲ್ಲಿಯೂ ಹಬ್ಬಕ್ಕೆ, ನಾಟಕಕ್ಕೆ, ಇಂತಹ ಸಮ್ಮೇಳನಕ್ಕೆ ಚಪ್ಪರ ಏಳುತ್ತದೆ. ಬಟ್ಟೆಯ ಪರದೆ, ತೆಂಗಿನ ಗರಿ, ತಾತ್ಕಾಲಿಕ ವಿದ್ಯುತ್ ತಂತಿ ಎಲ್ಲವೂ ಇರುತ್ತವೆ. ಕಾರ್ಯಕ್ರಮ ಆರಂಭವಾಗುವ ಮುನ್ನ ತಂತಿಯ ಜೋಡಣೆಗಳನ್ನು ಬಲ್ಲವರಿಂದ ಪರೀಕ್ಷಿಸಿ, ಮರಳು ನೀರುಗಳನ್ನು ಕೈಗೆಟುಕುವಂತೆ ಇರಿಸಿ, ಹೊರಹೋಗುವ ದಾರಿ ಯಾವ ಕಡೆಯೆಂದು ಸಭಿಕರಿಗೂ, ಅಡುಗೆಯವರಿಗೂ, ದೀಪದ ಹುಡುಗರಿಗೂ ಸ್ವಾಗತಭಾಷಣದಲ್ಲಿಯೇ ತಿಳಿಸುವ ಪದ್ಧತಿಯನ್ನು ನಮ್ಮ ಸಂಘಗಳು ಇಟ್ಟುಕೊಳ್ಳಲಿ ಎಂದು ನಾವು ಬಯಸುತ್ತೇವೆ. ಅದಕ್ಕೆ ಬೇಕಾಗುವುದು ಎರಡು ನಿಮಿಷ ಮಾತ್ರ.