ಕರೆಂಟು ಬಾರದ ಮನೆ, ಕರೆಂಟು ಹೋಗುವ ಮನೆ

ಕರ್ನಾಟಕದ ಮನೆಗಳಿಗೆ ಬ್ಯಾಟರಿ ಬಂದದ್ದು ಎರಡು ದಾರಿಯಲ್ಲಿ. ಕಂಬವೇ ಮುಟ್ಟದ ಮಲೆನಾಡಿನ, ಕರಾವಳಿಯ ಒಂಟಿ ಮನೆಗಳಿಗೆ ಅದು ಸೋಲಾರ್ ಪ್ಯಾನೆಲ್ಲಿನ ಜೊತೆ ಬಂತು. ಕಂಬವಿದ್ದು, ಮೀಟರೂ ಇದ್ದು, ಮಕ್ಕಳು ಓದಲು ಕೂರುವ ಹೊತ್ತಿಗೆ ಸರಿಯಾಗಿ ಕತ್ತಲಾಗುತ್ತಿದ್ದ ಪೇಟೆಯ ಮನೆಗಳಿಗೆ ಇನ್ವರ್ಟರಿನ ಜೊತೆ ಬಂತು. ಒಂದಕ್ಕೂ ಇನ್ನೊಂದಕ್ಕೂ ಬಹುಕಾಲ ಸಂಬಂಧವೇ ಇರಲಿಲ್ಲ. ಮಾರುವವರು ಬೇರೆ, ರಿಪೇರಿ ಮಾಡುವವರು ಬೇರೆ, ಸಾಲ ಕೊಡುವ ಬ್ಯಾಂಕೂ ಬೇರೆ. ಇವತ್ತು ಅಂಗಡಿಯಲ್ಲಿ ‘ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ’ ಎಂದು ಕೊಡುವ ಪೆಟ್ಟಿಗೆಯಲ್ಲಿ ಈ ಎರಡೂ ಚರಿತ್ರೆಗಳು ಸೇರಿಕೊಂಡಿವೆ. ಕೊಳ್ಳಲು ಹೋದವರಿಗೆ ಆಗುವ ಗೊಂದಲಗಳಲ್ಲಿ ಅರ್ಧದಷ್ಟು ಹುಟ್ಟುವುದು ಅಲ್ಲಿಂದಲೇ.

ಈ ನಾಡಿನಲ್ಲಿ ವಿದ್ಯುತ್ತು ಮೊದಲು ಹೋದದ್ದು ಮನೆಗಲ್ಲ, ಗಣಿಗೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಆಮೇಲೆ ಜೋಗ, ಆಮೇಲೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮುಂದೆ 1,035 ಮೆಗಾವ್ಯಾಟ್‌ಗೆ ಬೆಳೆದ ಶರಾವತಿ ವಿದ್ಯುದಾಗಾರ ರಾಜ್ಯದ ಬೆನ್ನೆಲುಬಾಯಿತು.

ಬೆನ್ನೆಲುಬು ಪೂರ್ತಿ ನೀರಿನದ್ದು ಎಂಬುದೇ ತೊಡಕು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಗುವವರೆಗೆ ರಾಜ್ಯಕ್ಕೆ ತನ್ನದೆನ್ನುವ ದೊಡ್ಡ ಕಲ್ಲಿದ್ದಲು ಸ್ಥಾವರವಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ಜೊತೆಗೆ ಪಂಪ್‌ಸೆಟ್‌ಗಳ ಸಂಖ್ಯೆ ಏರುತ್ತಾ ಹೋಯಿತು. ತ್ರೀಫೇಸ್ ಯಾವಾಗ ಬರುತ್ತದೋ ಎಂದು ನಡುರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಓಡುವ ರೈತ, ಸಿಂಗಲ್ ಫೇಸಿನ ಮಂಕು ಬೆಳಕಿನಲ್ಲಿ ಊಟಕ್ಕೆ ಕೂರುವ ಮನೆ, ಕಂಡೆನ್ಸರ್ ಕಟ್ಟಿ ಸಿಂಗಲ್ ಫೇಸಿನಲ್ಲೇ ಮೋಟರು ಓಡಿಸುವ ಕಳ್ಳ ಜಾಣತನ, ಇವೆಲ್ಲ ಕೆಇಬಿ (ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ) ಕಾಲದ ನಿತ್ಯದ ಮಾತುಗಳು. ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಗಿ, 2002ರಲ್ಲಿ ಅದರಿಂದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಹುಟ್ಟಿದರೂ ಜನರ ಬಾಯಲ್ಲಿ ಅದು ಇವತ್ತಿಗೂ ಕೆಇಬಿಯೇ.

ಕರೆಂಟು ಕೊಟ್ಟ ಊರಿಗೇ ಕರೆಂಟಿಲ್ಲ ಎಂಬ ಮಾತಿಗೆ ಶರಾವತಿ ಹಿನ್ನೀರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹೊಲ, ಮನೆ ಮುಳುಗಡೆಯಾಗಿ ಕಾಡಿನಂಚಿಗೆ ಸರಿದ ಎಷ್ಟೋ ಕುಟುಂಬಗಳು ದಶಕಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ಕಾಲ ಕಳೆದವು. ಮಲೆನಾಡಿನ ಮನೆಗಳು ಒಂದರ ಪಕ್ಕ ಒಂದಿಲ್ಲ. ಒಂದು ಅಡಿಕೆ ತೋಟದ ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಹಳ್ಳ, ಅರಣ್ಯ ಇಲಾಖೆಯ ಜಾಗ. ಹತ್ತು ಕಂಬ ನೆಟ್ಟರೆ ಒಂದು ಮೀಟರು ಸಿಗುವ ಸೀಮೆಗೆ ಲೈನು ಎಳೆಯಲು ಯಾವ ಎಂಜಿನಿಯರಿಗೂ ಉತ್ಸಾಹವಿರಲಿಲ್ಲ. ಕೆಲವರು ಮನೆ ಹಿಂದಿನ ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿಕೊಂಡರು. ಆದರೆ ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ.

ಅಂಥ ಮನೆಗಳಿಗೆ ಸೋಲಾರ್ ಹೊತ್ತು ತಂದವರಲ್ಲಿ ಮುಖ್ಯರು ಹರೀಶ್ ಹಂದೆ. ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದಲ್ಲಿ ಪಿಎಚ್.ಡಿ. ಮಾಡಿದ ಹಂದೆ, ನೆವಿಲ್ ವಿಲಿಯಮ್ಸ್ ಜೊತೆ ಸೇರಿ 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು. ಪ್ಯಾನೆಲ್ಲಿಗೆ ದೂರ ಹೋಗಬೇಕಿರಲಿಲ್ಲ, 1989ರಲ್ಲೇ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾಗಿತ್ತು. ಸಮಸ್ಯೆ ಇದ್ದದ್ದು ದುಡ್ಡಿನಲ್ಲಿ. ಸೋಲಾರ್ ದೀಪವೆಂದರೆ ಇಪ್ಪತ್ತು ವರ್ಷದ ಕರೆಂಟ್ ಬಿಲ್ಲನ್ನು ಮೊದಲ ದಿನವೇ ಕಟ್ಟಿದ ಹಾಗೆ. ಸೀಮೆಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ಕೊಳ್ಳುವ ಮನೆ ಅಷ್ಟನ್ನು ಎಲ್ಲಿಂದ ತರಬೇಕು?

ಉತ್ತರ ಬ್ಯಾಂಕಿನಲ್ಲಿತ್ತು. ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಸೋಲಾರ್ ದೀಪಕ್ಕೆ ಸಾಲ ಕೊಡಲು ಒಪ್ಪಿದವು. ಸಿಂಡಿಕೇಟಿಗೆ ಸಣ್ಣ ಸಣ್ಣ ಕಂತಿನ ಲೆಕ್ಕ ಹೊಸ ವಿದ್ಯೆಯೇನಲ್ಲ. 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಪಿಗ್ಮಿ ಕಟ್ಟಿಸಿಕೊಂಡ ಬ್ಯಾಂಕು ಅದು. ತಿಂಗಳಿಗೆ 300 ರೂಪಾಯಿ ಎಂದರೆ ತನ್ನಿಂದಾಗದು, ದಿನಕ್ಕೆ 10 ಆದರೆ ಕಟ್ಟುತ್ತೇನೆ ಎಂದ ಬೀದಿ ವ್ಯಾಪಾರಿಯ ಕತೆಯನ್ನು ಹಂದೆ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಲೆಕ್ಕ ಒಂದೇ, ಆದರೆ ಸಂಪಾದನೆ ಕೈಗೆ ಬರುವ ರೀತಿಗೆ ಕಂತು ಹೊಂದಬೇಕು. ಅಡಿಕೆ ಬೆಳೆಗಾರನಿಗೆ ವರ್ಷಕ್ಕೊಮ್ಮೆ, ಹೂ ಮಾರುವವಳಿಗೆ ದಿನಕ್ಕೊಮ್ಮೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ಕೆನರಾ, ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಸೋಲಾರ್ ಸಾಲದ ಬಡ್ಡಿ ಇಳಿಸಲು ನೆರವಾಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆ ಕಾಲದ ಮಲೆನಾಡ ಸೋಲಾರ್ ಹೀಗಿತ್ತು: ಹಂಚಿನ ಮಾಡಿನ ಮೇಲೆ 35–40 ವ್ಯಾಟಿನ ಒಂದು ಪ್ಯಾನೆಲ್, ಜಗಲಿಯ ಮೂಲೆಯಲ್ಲಿ ಮರದ ಪೆಟ್ಟಿಗೆಯೊಳಗೆ 12 ವೋಲ್ಟಿನ ಬ್ಯಾಟರಿ, ಗೋಡೆಗೆ ಅಂಗೈಯಗಲದ ಚಾರ್ಜ್ ಕಂಟ್ರೋಲರ್, ನಾಲ್ಕು ಸಿಎಫ್ಎಲ್ ದೀಪ. ಅಡುಗೆಮನೆಗೊಂದು, ಜಗಲಿಗೊಂದು, ಓದುವ ಕೋಣೆಗೊಂದು, ಕೊಟ್ಟಿಗೆಗೊಂದು. ಇನ್ವರ್ಟರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬ್ಯಾಟರಿಯ ಡಿಸಿ ಕರೆಂಟು ನೇರವಾಗಿ ದೀಪಕ್ಕೆ ಹೋಗುತ್ತಿತ್ತು. ಎಷ್ಟು ಬಿಸಿಲು ಬಿತ್ತೋ ಅಷ್ಟೇ ಬೆಳಕು ಎಂಬ ಶಿಸ್ತನ್ನು ಮನೆಯವರೇ ಕಲಿತರು. ಜುಲೈ ತಿಂಗಳಲ್ಲಿ ವಾರಗಟ್ಟಲೆ ಸೂರ್ಯ ಕಾಣದಾಗ ಎರಡು ದೀಪ ಆರಿಸಿ ಎರಡು ಉಳಿಸಿಕೊಳ್ಳುವುದು ಯಾರೂ ಹೇಳಿಕೊಡದೆ ಬಂದ ಬುದ್ಧಿ.

ಪೇಟೆಯ ಕತೆ ಬೇರೆ. ಅಲ್ಲಿ ಫ್ಯಾನು, ಟೀವಿ, ಟ್ಯೂಬ್‌ಲೈಟು ಎಲ್ಲವೂ 230 ವೋಲ್ಟಿನ ಎಸಿಗೆ ಹುಟ್ಟಿದವು. ಆದ್ದರಿಂದ ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ ಎಸಿ ಮಾಡುವ ಪೆಟ್ಟಿಗೆ ಬೇಕಾಯಿತು. ಮೊದಲ ತಲೆಮಾರಿನ ಇನ್ವರ್ಟರುಗಳು ಚೌಕ ಅಲೆಯವು (ಸ್ಕ್ವೇರ್ ವೇವ್). ಕರೆಂಟು ಹೋದ ಕೂಡಲೇ ‘ಟಕ್’ ಎಂದು ರಿಲೇ ಬಡಿಯುವುದು, ಆಮೇಲೆ ಫ್ಯಾನು ಜೇನುಗೂಡಿನಂತೆ ಗುಂಯ್‌ಗುಡುವುದು. ಸೈನ್ ವೇವ್ ಬಂದ ಮೇಲೆ ಗುಂಯ್ ನಿಂತಿತು, ಬೆಲೆ ಏರಿತು. ತೊಂಬತ್ತರ ದಶಕದ ಕೊನೆಯಿಂದ ಸು-ಕ್ಯಾಮ್, ಮೈಕ್ರೋಟೆಕ್, ಲುಮಿನಸ್‌ನಂಥ ಉತ್ತರದ ಕಂಪನಿಗಳು ಇದನ್ನು ಮಧ್ಯಮ ವರ್ಗದ ಮನೆಗೆ ಫ್ರಿಜ್ಜಿನಷ್ಟೇ ಸಹಜವಾಗಿಸಿದವು. ಬೆಂಗಳೂರಿನ ಜನ ಅದನ್ನು ಯುಪಿಎಸ್ ಎಂದೇ ಕರೆದರು.

ಅದರ ಕೆಳಗೆ ಕೂತ ಟ್ಯೂಬುಲರ್ ಬ್ಯಾಟರಿಯ ವಂಶ ಹಳೆಯದು. ಸೀಸ ಮತ್ತು ಆಮ್ಲದ ಈ ಜೋಡಿಯನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ಕಂಡುಹಿಡಿದ. 50 ಕಿಲೋ ಮೀರುವ ಅದನ್ನು ಮಹಡಿಗೆ ಏರಿಸಲು ಇಬ್ಬರು ಬೇಕು. ಮುಚ್ಚಳದ ಮೇಲಿನ ಆರು ಫ್ಲೋಟುಗಳು ಕೆಳಗಿಳಿದರೆ ಡಿಸ್ಟಿಲ್ಡ್ ವಾಟರ್ ತುಂಬಬೇಕು, ಬೋರ್‌ವೆಲ್ ನೀರು ಹಾಕಿದರೆ ಕೆಟ್ಟಿತು. ಟರ್ಮಿನಲ್‌ಗೆ ವ್ಯಾಸಲೀನ್ ಸವರದಿದ್ದರೆ ಬಿಳಿ-ಹಸಿರು ಬೂಷ್ಟು ಹಿಡಿಯುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಜಾಗವೇ ಬೇಕು. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಅದು ಮೆಟ್ಟಿಲ ಕೆಳಗಿನ ಕಪಾಟಿನಲ್ಲೇ ಕೂತಿತು. ಈ ಬ್ಯಾಟರಿ ಚಾರ್ಜ್ ಆಗುತ್ತಿದ್ದದ್ದು ಕೆಇಬಿ ಕರೆಂಟಿನಿಂದಲೇ. ಅಂದರೆ ಕೊರತೆಯ ಕಾಲದಲ್ಲಿ ಕರೆಂಟು ಮರಳಿದ ಕೂಡಲೇ ಸಾವಿರಾರು ಮನೆಗಳ ಇನ್ವರ್ಟರುಗಳು ಒಟ್ಟಿಗೆ ಎಳೆದು ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು. ಕತ್ತಲೆಯಿಂದ ತಪ್ಪಿಸಿಕೊಳ್ಳುವ ಉಪಾಯವೇ ಕತ್ತಲೆಗೂ ಒಂದಿಷ್ಟು ಕಾರಣ.

ಇವೆರಡರ ನಡುವೆ ಮೂರನೆಯದೊಂದು ಬಂತು, ಬ್ಯಾಟರಿಯೇ ಇಲ್ಲದ ಸೋಲಾರ್. 2013ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಚಾವಣಿಯ ಮೇಲೆ ಸಹಾಯಧನವಿಲ್ಲದೆ ಹಾಕಿದ ಸೋಲಾರಿನಿಂದ ಉಳಿದ ಕರೆಂಟಿಗೆ ಯೂನಿಟ್ಟಿಗೆ 9.56 ರೂಪಾಯಿ ಗೊತ್ತುಮಾಡಿತು. ದರ ಮುಂದೆ ಇಳಿಯಿತು, ಆದರೆ ನೆಟ್ ಮೀಟರಿಂಗ್ ಎಂಬ ಮಾತು ಮನೆಮನೆಗೆ ತಲುಪಿತು. ಹಗಲು ಲೈನಿಗೆ ಕೊಡು, ರಾತ್ರಿ ಲೈನಿನಿಂದ ತಗೋ. ಈ ಏರ್ಪಾಟಿನಲ್ಲಿ ಹಲವರಿಗೆ ತಡವಾಗಿ ತಿಳಿದ ವಿಷಯ ಒಂದಿತ್ತು: ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ. ಮಟಮಟ ಮಧ್ಯಾಹ್ನ, ತಲೆಯ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್, ಕೆಳಗೆ ಫ್ಯಾನು ತಿರುಗದು. ಇದು ಕೆಟ್ಟ ಮಾಲಲ್ಲ, ಸುರಕ್ಷತೆಗೆಂದು ಉದ್ದೇಶಪೂರ್ವಕವಾಗಿ ಮಾಡಿದ್ದು. ಕಂಬ ಹತ್ತಿದ ಲೈನ್‌ಮನ್ ಲೈನು ಸತ್ತಿದೆ ಎಂದು ತಿಳಿದು ಕೈ ಹಾಕಿದಾಗ ಯಾವುದೋ ಮನೆಯ ಚಾವಣಿಯಿಂದ ಕರೆಂಟು ಬಂದು ಹೊಡೆಯಬಾರದಲ್ಲ. ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್ ಗ್ರಿಡ್ ಕಾಣದಿದ್ದರೆ ತಾನೂ ಕಣ್ಣು ಮುಚ್ಚಲೇಬೇಕು. ಹೈಬ್ರಿಡ್ ಇನ್ವರ್ಟರ್ ಹುಟ್ಟಿದ್ದೇ ಈ ಕೊರತೆಗೆ ಮದ್ದಾಗಿ. ಲೈನು ಹೋದಾಗ ಅದು ಮನೆಯನ್ನು ಲೈನಿನಿಂದ ಬಿಡಿಸಿಕೊಂಡು, ಪ್ಯಾನೆಲ್ ಮತ್ತು ಬ್ಯಾಟರಿಯ ಮೇಲೆ ಓಡಿಸುತ್ತದೆ. ಆದರೆ ಅದರ ಕೆಲಸ ಪೂರ್ತಿಯಾಗಲು ಸೀಸಕ್ಕಿಂತ ಚುರುಕಿನ ಬ್ಯಾಟರಿ ಬೇಕಿತ್ತು.

ಲಿಥಿಯಂ ಬ್ಯಾಟರಿಯ ಚರಿತ್ರೆಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ಬಿಟ್ಟ ಕೋಬಾಲ್ಟಿನ ಕೋಶದಿಂದ ಹೇಳುವುದು ರೂಢಿ. ಅದರ ಹಿಂದಿನ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಆದರೆ ಇವತ್ತು ಮನೆಯ ಗೋಡೆಗೆ ತೂಗುಹಾಕುವ ಬ್ಯಾಟರಿ ಹೆಚ್ಚಾಗಿ ಆ ಕೋಬಾಲ್ಟಿನ ವಂಶದ್ದಲ್ಲ. ಅದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್ಎಫ್‌ಪಿ. ಅದರ ಮೂಲ ಪ್ರಬಂಧ ಹೊರಬಂದದ್ದು 1997ರಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಗುಡ್‌ಇನಫ್ ಪ್ರಯೋಗಶಾಲೆಯಿಂದ. ಅದರ ಲೇಖಕರ ಸಾಲಿನಲ್ಲಿ ಪಾಧಿ, ನಂಜುಂಡಸ್ವಾಮಿ ಎಂಬ ಎರಡು ಭಾರತೀಯ ಹೆಸರುಗಳಿವೆ. ಎರಡನೆಯದು ಮೈಸೂರು ಸೀಮೆಯ ಕಿವಿಗೆ ಹೊಸದಲ್ಲ.

ಕಬ್ಬಿಣ, ಫಾಸ್ಫೇಟ್ ಎರಡೂ ಅಗ್ಗ. ಬಿಸಿಗೆ ಕೋಬಾಲ್ಟಿನಷ್ಟು ಬೇಗ ಕೆರಳುವುದಿಲ್ಲ. ಕರೆಂಟು ಸರಾಗವಾಗಿ ಹರಿಯದ ಅದರ ದೋಷವನ್ನು ಕಣವನ್ನು ಸಣ್ಣದಾಗಿಸಿ, ಇಂಗಾಲದ ಲೇಪ ಕೊಟ್ಟು ಸರಿಪಡಿಸಿದರು. ಪೇಟೆಂಟ್ ಹೊಂದಿದವರು ಚೀನಾದೊಳಗಿನ ಬಳಕೆಗೆ ರಾಜಧನ ಕೇಳದಿದ್ದುದರಿಂದ ಆ ವಿದ್ಯೆ ಅಲ್ಲೇ ಬೆಳೆಯಿತು. 2022ರ ಹೊತ್ತಿಗೆ ಮುಖ್ಯ ಪೇಟೆಂಟುಗಳ ಅವಧಿ ಮುಗಿದಾಗ ಜಗತ್ತಿಗೆ ಮಾರಲು ಚೀನಾ ಸಿದ್ಧವಾಗಿ ನಿಂತಿತ್ತು. ನಮ್ಮ ಗೋಡೆಯ ಬ್ಯಾಟರಿಯ ಹೊರಗಿನ ಹೆಸರು ಯಾವುದೇ ಇರಲಿ, ಒಳಗಿನ ಕೋಶ ಹೆಚ್ಚಾಗಿ ಅಲ್ಲಿಯದೇ.

ಎಲ್ಎಫ್‌ಪಿ ಕೋಶವೊಂದರ ವೋಲ್ಟೇಜು 3.2. ನಾಲ್ಕು ಸಾಲಾಗಿ ಕಟ್ಟಿದರೆ 12.8, ಅಂದರೆ ಹಳೆಯ 12 ವೋಲ್ಟಿನ ಜಾಗದಲ್ಲಿ ಕೂರುವಷ್ಟು. ಎಡವುವುದು ಇಲ್ಲೇ. ಹಳೆಯ ಇನ್ವರ್ಟರಿಗೆ ಹೊಸ ಲಿಥಿಯಂ ಜೋಡಿಸಿದರೆ ದೀಪವೇನೋ ಉರಿಯುತ್ತದೆ. ಆದರೆ ಟ್ಯೂಬುಲರ್ ಬ್ಯಾಟರಿಯ ಆಮ್ಲವನ್ನು ಕದಡಲು ಆಗಾಗ 15 ವೋಲ್ಟ್ ದಾಟಿ ಚಾರ್ಜ್ ಮಾಡುವ ಅದರ ಹಳೇ ಚಾಳಿ ಲಿಥಿಯಂಗೆ ಸಲ್ಲದು, ಬ್ಯಾಟರಿಯನ್ನು ಕಾಯುವ ಒಳಗಿನ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಬಾಗಿಲು ಹಾಕಿಬಿಡುತ್ತದೆ. ಇನ್ನೊಂದು, ಲಿಥಿಯಂ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ವೋಲ್ಟೇಜು ನೋಡಿ ಚಾರ್ಜ್ ಅಳೆಯುವ ಹಳೆಯ ಇನ್ವರ್ಟರು ‘ತುಂಬಿದೆ, ತುಂಬಿದೆ’ ಎನ್ನುತ್ತಲೇ ಇದ್ದು ಒಮ್ಮೆಲೇ ಕತ್ತಲು ಮಾಡುತ್ತದೆ. ಅದಕ್ಕೇ ಹೊಸ ಹೈಬ್ರಿಡ್‌ಗಳಲ್ಲಿ ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಮಾತಾಡಿಕೊಳ್ಳಲು ಒಂದು ತೆಳ್ಳನೆಯ ಕೇಬಲ್ಲು ಇರುತ್ತದೆ. ದಪ್ಪ ತಂತಿಗಳನ್ನೆಲ್ಲ ಬಿಗಿದು ಈ ಕೇಬಲ್ಲನ್ನು ಮರೆತು ಹೋಗುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ.

ಎಷ್ಟು ದೊಡ್ಡದು ಬೇಕು ಎಂಬ ಪ್ರಶ್ನೆಗೆ ಮಲೆನಾಡಿನ ಆ ನಾಲ್ಕು ದೀಪದ ಮನೆಯ ಬುದ್ಧಿಯೇ ಉತ್ತರ. 75 ವ್ಯಾಟಿನ ಮೂರು ಫ್ಯಾನು, 9 ವ್ಯಾಟಿನ ಆರು ಎಲ್ಇಡಿ, ಒಂದು ಟೀವಿ, ಒಂದು ವೈಫೈ ನಾಲ್ಕು ಗಂಟೆ ಓಡಲು ಸುಮಾರು ಒಂದೂವರೆ ಯೂನಿಟ್ ಬೇಕು. 150 ಆಂಪಿಯರ್ ಅವರ್ ಟ್ಯೂಬುಲರ್ ಕಾಗದದ ಮೇಲೆ 1.8 ಯೂನಿಟ್, ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಸಿಯಬಾರದು. ಅಷ್ಟೇ ಅಳತೆಯ ಲಿಥಿಯಂನಿಂದ ನೂರಕ್ಕೆ 80ರಷ್ಟನ್ನು ಧೈರ್ಯವಾಗಿ ತೆಗೆಯಬಹುದು. ಇಷ್ಟು ಲೆಕ್ಕ ಮಾಡಿ ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು, ಅದೇ ಮೂರು ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿ (ಬ್ರಶ್‌ಲೆಸ್ ಡಿಸಿ ಮೋಟರಿನ) ಫ್ಯಾನಿಗೆ ಬದಲಿಸಿದರೆ ಬೇಕಾದ ಕರೆಂಟು ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ ಎಂಬುದನ್ನು ಅಂಗಡಿಯವನು ಸಾಮಾನ್ಯವಾಗಿ ಹೇಳುವುದಿಲ್ಲ. ಅವನ ತಪ್ಪೇನಿಲ್ಲ, ಅವನು ಮಾರುವುದು ಬ್ಯಾಟರಿ.

ಕೊಳ್ಳುವ ಮನಸ್ಸನ್ನು ಈಗ ಎಳೆದಾಡುತ್ತಿರುವುದು ಸರ್ಕಾರದ ಎರಡು ಯೋಜನೆಗಳು. 2023ರ ಗೃಹಜ್ಯೋತಿ ತಿಂಗಳಿಗೆ 200 ಯೂನಿಟ್‌ವರೆಗಿನ ಮನೆಬಳಕೆಯನ್ನು ಉಚಿತ ಮಾಡಿತು. 2024ರ ಪಿಎಂ ಸೂರ್ಯಘರ್ 3 ಕಿಲೋವ್ಯಾಟ್ ಚಾವಣಿ ಸೋಲಾರಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಬಿಲ್ಲೇ ಬಾರದ ಮನೆಗೆ ಬಿಲ್ಲು ಉಳಿಸುವ ಸೋಲಾರ್ ಏಕೆ? ಹೀಗಾಗಿ ಸಣ್ಣ ಮನೆಗಳಲ್ಲಿ ಸೋಲಾರಿನ ಮಾತು ಬಿಲ್ಲಿನಿಂದ ಮತ್ತೆ ಪವರ್ ಕಟ್ಟಿಗೇ ತಿರುಗಿದೆ. ಸೂರ್ಯಘರ್ ಹಣವಾದರೋ ಪ್ಯಾನೆಲ್ಲಿನ ಕಿಲೋವ್ಯಾಟ್ ಲೆಕ್ಕಕ್ಕೆ ಬರುತ್ತದೆ, ಬ್ಯಾಟರಿಗೆಂದು ಬೇರೆ ಹಣವಿಲ್ಲ. ಕರೆಂಟು ಹೋದಾಗ ಉಪಯೋಗಕ್ಕೆ ಬರುವ ಭಾಗಕ್ಕೇ ಕೈಯಿಂದ ಹಾಕಬೇಕು.

ಇನ್ನು ಹಳೆಯ ಬ್ಯಾಟರಿ. ಸೀಸದ್ದು ಸತ್ತರೂ ಬೆಲೆಯುಳ್ಳದ್ದು. ಗುಜರಿಯವನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾನೆ, ಅಂಗಡಿಯವನು ಎಕ್ಸ್‌ಚೇಂಜಿನಲ್ಲಿ ಹಿಡಿದುಕೊಂಡು ಹೊಸದರ ದರ ಇಳಿಸುತ್ತಾನೆ, ಸೀಸ ಕರಗಿ ಮತ್ತೆ ಬ್ಯಾಟರಿಯಾಗುತ್ತದೆ. ಎಲ್ಎಫ್‌ಪಿಯೊಳಗೆ ದುಬಾರಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಅದನ್ನು ಅಗ್ಗವಾಗಿಸಿದ ಗುಣವೇ ಗುಜರಿಯಲ್ಲಿ ಅದರ ಬೆಲೆಯನ್ನೂ ಕಳೆದಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ, ಆಮದುದಾರರ ಮೇಲೆ ಹಾಕಿವೆ. ಹತ್ತು ವರ್ಷ, ಅದಕ್ಕೂ ಹೆಚ್ಚು ಬಾಳುತ್ತದೆಂದು ಮಾರಿದ ಮನೆಬಳಕೆಯ ಲಿಥಿಯಂ ಬ್ಯಾಟರಿಗಳಲ್ಲಿ ಹೆಚ್ಚಿನವು ಇನ್ನೂ ಗೋಡೆಯ ಮೇಲೇ ಇರುವುದರಿಂದ, ಆ ನಿಯಮದ ನಿಜವಾದ ಪರೀಕ್ಷೆ ಶುರುವಾಗಲು ಇನ್ನೂ ಕೆಲವು ವರ್ಷಗಳಿವೆ.