ಸುಟ್ಟರೆ ಮುಗಿಯುವ ಕಲೆಗೊಂದು ತಾಲೀಮು

1749ರ ಏಪ್ರಿಲ್ 21ರಂದು ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದಲ್ಲಿ ಒಂದು ತಾಲೀಮು ನಡೆಯಿತು. ಶಾಂತಿ ಒಪ್ಪಂದದ ಸಂಭ್ರಮಕ್ಕೆಂದು ಎರಡನೇ ಜಾರ್ಜ್ ದೊರೆ ಬಾಣಬಿರುಸಿನ ದೊಡ್ಡ ಉತ್ಸವ ಏರ್ಪಡಿಸಿದ್ದ. ಅದಕ್ಕೆ ಹ್ಯಾಂಡೆಲ್ ಬರೆದ ಸಂಗೀತದ ತಾಲೀಮು ಅದು. ಕೇಳಲು ಹನ್ನೆರಡು ಸಾವಿರ ಜನ ನೆರೆದಿದ್ದರಂತೆ. ಆರು ದಿನದ ನಂತರ ಗ್ರೀನ್ ಪಾರ್ಕಿನಲ್ಲಿ ನಿಜವಾದ ಉತ್ಸವ ನಡೆದಾಗ ಸಂಗೀತ ಗೆದ್ದಿತು, ಬಾಣಬಿರುಸು ಕೈಕೊಟ್ಟಿತು. ಅದಕ್ಕಾಗಿಯೇ ಕಟ್ಟಿದ್ದ ಭಾರಿ ಮಂಟಪದ ಒಂದು ಪಕ್ಕ ಹೊತ್ತಿ ಉರಿಯಿತು. ಮಂಟಪದ ವಿನ್ಯಾಸಕಾರ ಸರ್ವಾಂದೋನಿ ಸಿಟ್ಟಿನ ಭರದಲ್ಲಿ ಅಧಿಕಾರಿಯೊಬ್ಬರ ಮೇಲೆ ಕತ್ತಿ ಹಿರಿದ. ಸಂಗೀತಗಾರರಿಗೆ ಸಿಕ್ಕಿದ ತಾಲೀಮು ಬಿರುಸಿನವರಿಗೆ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಪಿಟೀಲನ್ನು ನೂರು ಸಲ ನುಡಿಸಬಹುದು. ಬಿರುಸನ್ನು ಒಮ್ಮೆ ಪರೀಕ್ಷಿಸಿದರೆ ಸರಕೇ ಬೂದಿ. ಬಾಣಬಿರುಸಿನ ಪ್ರದರ್ಶನವನ್ನು ಇಂದು ಕಂಪ್ಯೂಟರಿನಲ್ಲಿ ಮೊದಲೇ ಆಡಿಸಿ ನೋಡುವ ಸಿಮ್ಯುಲೇಶನ್ ಸಾಫ್ಟ್‌ವೇರುಗಳ ಚರಿತ್ರೆಯನ್ನು ಈ ಕೊರತೆಯಿಂದಲೇ ಶುರುಮಾಡಬೇಕು. ಸಾಮಾನ್ಯವಾಗಿ ಅದನ್ನು ಗ್ರಾಫಿಕ್ಸಿನ ಸಾಧನೆಯೆಂದು ಹೊಗಳುತ್ತಾರೆ. ನನ್ನ ಎಣಿಕೆಯಲ್ಲಿ ಅದು ಮೊದಲಿಗೆ ಗಡಿಯಾರದ ಸಾಧನೆ. ಚಿತ್ರ ತಡವಾಗಿ ಬಂದು ಸೇರಿಕೊಂಡ ನೆಂಟ. ಈ ಸಾಫ್ಟ್‌ವೇರು ಕಾಲದ ವಿಷಯದಲ್ಲಿ ನಿಜ ಹೇಳುತ್ತದೆ, ಬೆಂಕಿಯ ವಿಷಯದಲ್ಲಿ ಅರ್ಧ ನಿಜ. ಈ ವ್ಯತ್ಯಾಸ ಮರೆತಲ್ಲೆಲ್ಲ ತೊಂದರೆಯಾಗಿದೆ.

ಬಹುಕಾಲ ಈ ಕಸುಬಿನ ಗಡಿಯಾರವೆಂದರೆ ಬತ್ತಿಯೇ. ವಿಜಯನಗರದ ಮಹಾನವಮಿಯಲ್ಲಿ ಬಿರುಸುಗಳನ್ನು ಕಂಡು 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, 1520ರ ಹೊತ್ತಿಗೆ ಪೋರ್ಚುಗೀಸ್ ಪ್ರವಾಸಿ ಪಾಯಸ್ ಬೆರಗಾಗಿ ಬರೆದಿದ್ದಾರೆ. ಇಂಥ ಉಲ್ಲೇಖಗಳನ್ನು ಹೆಕ್ಕಿ ವಿದ್ವಾಂಸ ಪಿ.ಕೆ. ಗೋಡೆಯವರು ಬರೆದ ಭಾರತದ ಬಾಣಬಿರುಸಿನ ಇತಿಹಾಸ 1953ರಲ್ಲಿ ಬೆಂಗಳೂರಿನ ಬಸವನಗುಡಿಯಿಂದಲೇ ಪ್ರಕಟವಾಯಿತು. ಆ ಕಾಲದ ಕುಶಲತೆಯೆಲ್ಲ ಮದ್ದಿನ ಪಾಕದಲ್ಲಿ, ಬತ್ತಿಯ ಉದ್ದದಲ್ಲಿ, ಕಿಡಿ ಮುಟ್ಟಿಸುವವನ ಕಣ್ಣಳತೆಯಲ್ಲಿತ್ತು. ನಮ್ಮ ಪುತ್ತೂರು ಜಾತ್ರೆಯ ಬಾಣಬಿರುಸಾದ ಬೆಡಿಯ ಸೊಗಸೂ ಇದೇ ಬಗೆಯದು. ಅಲ್ಲಿ ಒಂದರ ಬೆನ್ನಿಗೊಂದು ಏರುತ್ತ ಬರುವ ಸದ್ದಿನ ಓಟವನ್ನು ಜನ ಕಾಯುತ್ತಾರೆಯೇ ಹೊರತು ಇಂತಿಷ್ಟನೇ ಸೆಕೆಂಡಿನಲ್ಲಿ ಅರಳುವ ಹೂವನ್ನಲ್ಲ. ಸಂಗೀತದ ತಾಳಕ್ಕೆ ಬಿರುಸು ಅರಳಬೇಕೆಂಬ ಆಸೆ ಹುಟ್ಟಿದ ಮೇಲಷ್ಟೇ ಬತ್ತಿ ಸಾಲದಾಯಿತು.

ಯಾಕೆ ಸಾಲದು ಎನ್ನುವುದನ್ನು ಒಂದು ಗುಂಡಿನ ಲೆಕ್ಕದಲ್ಲೇ ನೋಡಬಹುದು. ಶೆಲ್ ಎಂದು ಕಸುಬಿನವರು ಕರೆಯುವ ಗುಂಡು ಕೊಳವೆಯ ತಳದಲ್ಲಿ ಕೂತಿರುತ್ತದೆ. ಕೆಳಗಿನ ಕರಿಮದ್ದು ಅದನ್ನು ಮೇಲಕ್ಕೆಸೆಯುತ್ತದೆ. ಒಳಗಿನ ಸಣ್ಣ ಬತ್ತಿ ಉರಿಯುತ್ತ ಹೋಗಿ, ಗುಂಡು ತುದಿ ಮುಟ್ಟುವ ಹೊತ್ತಿಗೆ ಅದನ್ನು ಸಿಡಿಸುತ್ತದೆ. ಇಂಚಿಗೆ ನೂರು ಅಡಿ ಎತ್ತರ ಎಂಬುದು ಈ ಕಸುಬಿನ ರೂಢಿಯ ಅಂದಾಜು. ನಾಲ್ಕು ಇಂಚಿನ ಗುಂಡು ನೆಲ ಬಿಟ್ಟು ಅರಳುವುದಕ್ಕೆ ಸುಮಾರು ಮೂರು ಸೆಕೆಂಡು, ಎಂಟು ಇಂಚಿನದಕ್ಕೆ ಸುಮಾರು ಐದು. ಹಾಡಿನ 84ನೇ ಸೆಕೆಂಡಿನಲ್ಲಿ ಡೋಲಿನ ಪೆಟ್ಟು ಬೀಳುತ್ತದೆ, ಆ ಗಳಿಗೆಗೆ ಎರಡೂ ಒಟ್ಟಿಗೆ ಅರಳಬೇಕು ಎಂದಾದರೆ ದೊಡ್ಡದಕ್ಕೆ 79ರಲ್ಲಿ, ಚಿಕ್ಕದಕ್ಕೆ 81ರಲ್ಲಿ ಕಿಡಿ ಕೊಡಬೇಕು. ಹೀಗೆ ಸಾವಿರ ಕಳೆಯುವ ಲೆಕ್ಕ, ತಪ್ಪಿಲ್ಲದೆ. ಹಿಂದೆ ಇದನ್ನು ಸ್ಟಾಪ್‌ವಾಚು ಹಿಡಿದು ಹಾಳೆಯ ಮೇಲೆ ಮಾಡುತ್ತಿದ್ದರು. ಒಬ್ಬರು ಅಂಕಿ ಕೂಗಿದಂತೆ ಇನ್ನೊಬ್ಬರು ಸ್ವಿಚ್ಚು ಒತ್ತುತ್ತಿದ್ದರು. ಬತ್ತಿಯ ಬದಲು ತಂತಿಯ ತುದಿಯ ಎಲೆಕ್ಟ್ರಿಕ್ ಮ್ಯಾಚ್ ಬಂದು ಕಿಡಿ ಮುಟ್ಟಿಸುವ ತಡವೇನೋ ನೀಗಿತು, ಲೆಕ್ಕ ಮಾತ್ರ ಮನುಷ್ಯರ ತಲೆಯಲ್ಲೇ ಉಳಿಯಿತು.

1985ರಲ್ಲಿ ಮಾಂಟ್ರಿಯಲ್ಲಿನಲ್ಲಿ ಸಂಗೀತಕ್ಕೆ ಹೊಂದಿಸಿದ ಬಾಣಬಿರುಸಿನ ಅಂತರರಾಷ್ಟ್ರೀಯ ಸ್ಪರ್ಧೆ ಆರಂಭವಾಯಿತು. ಅರ್ಧ ಗಂಟೆಯ ಪ್ರದರ್ಶನದಲ್ಲಿ ತೀರ್ಪುಗಾರರು ತಾಳವನ್ನೂ ತೂಗತೊಡಗಿದಾಗ ಕೈಸ್ವಿಚ್ಚಿನ ಕಾಲ ಮುಗಿಯುತ್ತ ಬಂತು. ಪೈರೊಡಿಜಿಟಲ್, ಫೈರ್‌ಒನ್‌ನಂಥ ಕಂಪ್ಯೂಟರ್ ನಿಯಂತ್ರಣಗಳು ಬಂದವು. ಸಿನಿಮಾದವರು ಚಿತ್ರವನ್ನೂ ಧ್ವನಿಯನ್ನೂ ಜೋಡಿಸಲು ಬಳಸುತ್ತಿದ್ದ ಟೈಮ್‌ಕೋಡನ್ನು ಬಿರುಸಿನವರು ಎರವಲು ತಂದುಕೊಂಡರು. ಹಾಡು ನುಡಿಯುವ ಯಂತ್ರದಲ್ಲೂ ಕಿಡಿ ಕೊಡುವ ಯಂತ್ರದಲ್ಲೂ ಒಂದೇ ಗಡಿಯಾರ ಓಡತೊಡಗಿತು. ಆಗಿನ್ನೂ ಪರದೆಯ ಮೇಲೆ ಒಂದು ಕಿಡಿಯೂ ಹಾರಿರಲಿಲ್ಲ. ಇದ್ದದ್ದು ಬರಿಯ ಅಂಕಿಗಳ ಪಟ್ಟಿ. ಆದರೂ ಈ ಕಲೆಯ ದೊಡ್ಡ ತಿರುವು ಆಗಲೇ ಆಗಿಹೋಗಿತ್ತು.

ಚಿತ್ರ ಬಂದದ್ದು ಬೇರೊಂದು ದಾರಿಯಲ್ಲಿ. 1982ರ ಸ್ಟಾರ್ ಟ್ರೆಕ್ ಚಿತ್ರವೊಂದರಲ್ಲಿ ಸತ್ತ ಗ್ರಹದ ಮೇಲೆ ಬೆಂಕಿಯ ಗೋಡೆ ಹಬ್ಬುವ ದೃಶ್ಯಕ್ಕಾಗಿ ಲೂಕಾಸ್ ಫಿಲ್ಮ್‌ನ ವಿಲಿಯಂ ರೀವ್ಸ್ ಒಂದು ಉಪಾಯ ಹೂಡಿದರು. ಬೆಂಕಿಯನ್ನು ಒಂದು ಆಕಾರವಾಗಿ ಬಿಡಿಸುವ ಬದಲು ಸಾವಿರಾರು ಕಣಗಳಾಗಿ ಒಡೆದರು. ಪ್ರತಿ ಕಣಕ್ಕೂ ಹುಟ್ಟುವ ಜಾಗ, ವೇಗ, ಬಣ್ಣ, ಆಯುಸ್ಸು ಕೊಟ್ಟು ಬಿಟ್ಟರು. ಪಾರ್ಟಿಕಲ್ ಸಿಸ್ಟಮ್ ಎಂಬ ಈ ತಂತ್ರದ ಮೇಲೆ 1983ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಬಾಣಬಿರುಸಿನ ಪ್ರಸ್ತಾಪವೂ ಇದೆ. ಅಚ್ಚರಿಯೇನಲ್ಲ, ಗುಂಡಿನೊಳಗೆ ತುಂಬುವ ಮದ್ದಿನ ಪುಟ್ಟ ಉಂಡೆಗಳು ಹುಟ್ಟಾ ಕಣಗಳೇ. ಮನೆಯ ಕಂಪ್ಯೂಟರಿಗೆ ಅಷ್ಟು ಕಣಗಳನ್ನು ಓಡಿಸುವ ತಾಕತ್ತು ಬಂದಂತೆ ವಿಷುವಲ್ ಶೋ ಡೈರೆಕ್ಟರ್, ಶೋಸಿಮ್, ಎಫ್‌ಡಬ್ಲ್ಯೂಸಿಮ್, ಫಿನಾಲೆ ಎಂಬ ಸಾಫ್ಟ್‌ವೇರುಗಳು ಬಂದವು. ಇವುಗಳಲ್ಲಿ ಫಿನಾಲೆಯನ್ನು ಕಟ್ಟಿದ ವಿಲ್ ಹಾರ್ವಿ, 1980ರ ದಶಕದಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಮ್ಯೂಸಿಕ್ ಕನ್‌ಸ್ಟ್ರಕ್ಷನ್ ಸೆಟ್ ಎಂಬ ಹೆಸರಾಂತ ಸಂಗೀತ ರಚನೆಯ ಪ್ರೋಗ್ರಾಂ ಬರೆದವರು. ಪರದೆಯ ಮೇಲೆ ಸ್ವರ ಜೋಡಿಸುವುದಕ್ಕೂ ಗುಂಡು ಜೋಡಿಸುವುದಕ್ಕೂ ದೂರ ಕಡಿಮೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗುಂಡಿನ ವಿವರಣೆಯನ್ನು, ಅಂದರೆ ಕೆಂಪು ಪಿಯೋನಿ ಹೂ, ನಡುವೆ ನೀಲಿ ಎಂಬಂಥ ಮಾತನ್ನು, ಕೀಲಿಮಣೆಯಲ್ಲಿ ಬರೆದರೆ ಫಿನಾಲೆ ಅದನ್ನೇ ಓದಿಕೊಂಡು ಆಕಾಶದಲ್ಲಿ ಅರಳಿಸಿ ತೋರಿಸುತ್ತದೆ.

ಹಾಗಿದ್ದರೂ ಕೊಳವೆಗಳ ನಡುವೆ ಬಾಗಿ ದುಡಿಯುವವರಿಗೆ ಈ ಸಾಫ್ಟ್‌ವೇರಿನಿಂದ ದಿನನಿತ್ಯ ಸಿಗುವ ದೊಡ್ಡ ಉಪಕಾರ ಆ ಹೂವಲ್ಲ, ಅಂಟುಚೀಟಿ. ಯಾವ ಗುಂಡು ಯಾವ ಸಾಲಿನ ಯಾವ ಕೊಳವೆಗೆ, ಅದರ ತಂತಿ ಯಾವ ಪೆಟ್ಟಿಗೆಯ ಎಷ್ಟನೇ ತೂತಿಗೆ ಎನ್ನುವುದನ್ನು ಸಾಫ್ಟ್‌ವೇರೇ ಮುದ್ರಿಸಿಕೊಡುತ್ತದೆ. ಚೀಟಿ ನೋಡಿ ಅಂಟಿಸಿ ತಂತಿ ಸಿಕ್ಕಿಸಿದರಾಯಿತು. 2014ರ ಹೊಸವರ್ಷಕ್ಕೆ ದುಬೈಯಲ್ಲಿ ಆರು ನಿಮಿಷದಲ್ಲಿ 4,79,651 ಬಿರುಸುಗಳು ಸಿಡಿದು ಗಿನ್ನೆಸ್ ದಾಖಲೆಯಾಯಿತು. ಸೆಕೆಂಡಿಗೆ ಸಾವಿರದ ಮುನ್ನೂರರಷ್ಟು. ಅಂಥದ್ದು ಚಿತ್ರವಿಲ್ಲದೆ ಕಷ್ಟ, ಲೆಕ್ಕವಿಲ್ಲದೆ ಅಸಾಧ್ಯ.

ಇನ್ನು ಅರ್ಧ ನಿಜದ ಸಂಗತಿ. ಪರದೆಯ ಆಕಾಶದಲ್ಲಿ ಹೊಗೆ ನಿಜದಂತೆ ನಿಲ್ಲುವುದಿಲ್ಲ. ನಿಜವಾದ ಆಕಾಶದಲ್ಲಿ ಗಾಳಿ ಬೀಸದಿದ್ದರೆ ಐದನೇ ನಿಮಿಷಕ್ಕೆ ಹೊಗೆಯ ಮುದ್ದೆ ಕಟ್ಟಿಕೊಂಡು, ಆಮೇಲಿನ ಬಣ್ಣಗಳೆಲ್ಲ ಮಂಕಾಗುತ್ತವೆ. ಜೋರಾಗಿ ಬೀಸಿದರೆ ಸುಟ್ಟ ಚೂರುಗಳು ಜನರತ್ತ ಬರುತ್ತವೆ. ಮಾನಿಟರಿನ ಬೆಳಕು ಉರಿಯುವ ಲೋಹದ ಬೆಳಕಿನ ಹತ್ತಿರಕ್ಕೂ ಬಾರದು. ಮುನ್ನೂರು ಮೀಟರ್ ದೂರ ನಿಂತವರಿಗೆ ಸದ್ದು ಸುಮಾರು ಒಂದು ಸೆಕೆಂಡು ತಡವಾಗಿ ಮುಟ್ಟುತ್ತದೆ. ಹತ್ತಿರ ಕೂತವರಿಗೂ ದೂರ ಕೂತವರಿಗೂ ಒಂದೇ ತಾಳ ಕೊಡಲು ಯಾವ ಸಾಫ್ಟ್‌ವೇರಿಗೂ ಆಗದು. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಕಟ್ಟಿದ ಎರಡು ಗುಂಡುಗಳ ಬತ್ತಿ ಒಂದೇ ಸಮ ಉರಿಯುವುದಿಲ್ಲ. ಡಿಸ್ನಿಲ್ಯಾಂಡಿನವರು 2004ರಲ್ಲಿ ಮದ್ದಿನ ಬದಲು ಒತ್ತಿದ ಗಾಳಿಯಿಂದ ಗುಂಡು ಹಾರಿಸಿ, ಒಳಗಿನ ಬತ್ತಿಯ ಜಾಗಕ್ಕೆ ಎಲೆಕ್ಟ್ರಾನಿಕ್ ಟೈಮರ್ ಇಟ್ಟದ್ದು ಈ ಕಾರಣಕ್ಕೂ ಹೌದು. ಕಲಾವಿದ ತ್ಸಾಯ್ ಗುವೊ-ಚಿಯಾಂಗ್ 2002ರಲ್ಲಿ ನ್ಯೂಯಾರ್ಕಿನ ನದಿಯ ಮೇಲೆ ಕಾಮನಬಿಲ್ಲು ಬಾಗಿಸಿದಾಗಲೂ ಸಾವಿರ ಗುಂಡುಗಳಲ್ಲಿ ಕಂಪ್ಯೂಟರ್ ಚಿಪ್‌ಗಳಿದ್ದವು. ಅಂದರೆ ಸಿಮ್ಯುಲೇಶನ್ ನಿಜವಾಗಬೇಕಾದರೆ ಅದನ್ನು ಬೆಂಕಿಗೆ ತಕ್ಕಂತೆ ತಿದ್ದುವುದಕ್ಕಿಂತ ಬೆಂಕಿಯನ್ನೇ ಅದಕ್ಕೆ ತಕ್ಕಂತೆ ತಿದ್ದಬೇಕಾಯಿತು.

ಇದೇ ತ್ಸಾಯ್ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ 29 ಬೆಂಕಿಯ ಹೆಜ್ಜೆಗಳನ್ನು ಊರ ಮೇಲೆ ನಡೆಸಿದರು. ಹೆಜ್ಜೆಗಳು ನಿಜಕ್ಕೂ ಸಿಡಿದವು. ಟಿವಿಯಲ್ಲಿ ಜಗತ್ತು ನೋಡಿದ್ದರಲ್ಲಿ ಹೆಚ್ಚಿನದು ಮೊದಲೇ ಮಾಡಿಟ್ಟ ಅನಿಮೇಶನ್. ಹೆಲಿಕಾಪ್ಟರಿನಿಂದ ತೆಗೆದಂತೆ ಕಾಣಲಿ ಎಂದು ಕ್ಯಾಮೆರಾದ ಸಣ್ಣ ಅಲುಗಾಟವನ್ನೂ ಊರಿನ ಮಬ್ಬನ್ನೂ ಬೆರೆಸಿದ್ದರು. ನೆಲದ ಮೇಲಿದ್ದವರು ಒಪ್ಪಿಕೊಳ್ಳಬೇಕಾಗಿದ್ದ ಮಬ್ಬನ್ನು ಪರದೆಯ ಮೇಲೆ ಕೂಲಿ ಕೊಟ್ಟು ಹುಟ್ಟಿಸಿದಂತಾಯಿತು. ತಾಲೀಮೇ ಆಟದ ಜಾಗಕ್ಕೆ ಬಂದು ಕೂತರೆ ಆಗುವ ಮೋಸ ಇದು. ಅನಾಹುತದ ದಾರಿಯೂ ಒಂದಿದೆ. 2012ರ ಜುಲೈ 4ರಂದು ಸ್ಯಾನ್ ಡಿಯಾಗೊ ಕೊಲ್ಲಿಯಲ್ಲಿ 18 ನಿಮಿಷ ನಡೆಯಬೇಕಿದ್ದ ಪ್ರದರ್ಶನದ ಸುಮಾರು 7,000 ಗುಂಡುಗಳು ಅರ್ಧ ನಿಮಿಷದೊಳಗೆ ಒಟ್ಟಿಗೇ ಸಿಡಿದು ಮುಗಿದವು. ಮೂಲ ಫೈಲನ್ನೂ ಮೀಸಲು ಫೈಲನ್ನೂ ಕೂಡಿಸುವಲ್ಲಿ ದೋಷವಾಗಿ ಎಲ್ಲ ಆಜ್ಞೆಗಳೂ ಒಮ್ಮೆಲೇ ಹೊರಟವೆಂದು ಆಮೇಲೆ ತಿಳಿದುಬಂತು. ಕಣಗಳ ಚಿತ್ರ ಎಷ್ಟೇ ಚೆಂದವಿದ್ದರೂ ಗಡಿಯಾರದ ಫೈಲು ಕೆಟ್ಟರೆ ಎಲ್ಲ ಕೆಟ್ಟಂತೆ.

ಕಂಪ್ಯೂಟರು ಬಂದು ಬಾಣಬಿರುಸು ಯಾಂತ್ರಿಕವಾಯಿತು, ಎಲ್ಲ ಊರಿನ ಆಕಾಶವೂ ಒಂದೇ ಥರ ಕಾಣುತ್ತದೆ ಎಂಬ ಆಕ್ಷೇಪವಿದೆ. ಇದರಲ್ಲಿ ಹುರುಳಿಲ್ಲದಿಲ್ಲ. ನೆಲದಿಂದಲೇ ಬೆಳಗುತ್ತ ಏರುವ ಒಂಟಿ ಕಾಮೆಟ್ಟುಗಳಿಗೆ, ಮೈನುಗಳಿಗೆ ಏರುವ ಹೊತ್ತಿನ ಲೆಕ್ಕ ಬೇಡ, ತಾಳಕ್ಕೆ ಕರಾರುವಾಕ್ಕಾಗಿ ಕೂರುತ್ತವೆ, ಪರದೆಯಲ್ಲೂ ಚುರುಕಾಗಿ ಕಾಣುತ್ತವೆ. ಹೀಗಾಗಿ ವಿನ್ಯಾಸಕಾರರ ಕೈ ಅತ್ತಲೇ ವಾಲುತ್ತದೆ. ಹೊಂಬಣ್ಣದ ಎಳೆಗಳಾಗಿ ನಿಧಾನ ಇಳಿಯುವ ವಿಲ್ಲೋ ಗುಂಡಿಗೆ, ಎರಡು ಸಿಡಿತಗಳ ನಡುವಿನ ಬರಿಗತ್ತಲೆಗೆ ಪರದೆಯಲ್ಲಿ ಬೆಲೆ ಸಿಗುವುದಿಲ್ಲ. ಆದರೆ ಇದು ಗಡಿಯಾರದ ತಪ್ಪಲ್ಲ, ಪರದೆಯನ್ನು ಆಕಾಶವೆಂದು ನಂಬಿದ್ದರ ತಪ್ಪು. ಕತ್ತಲೆ ಎಷ್ಟು ಸೆಕೆಂಡಿರಬೇಕು ಎಂದು ಗೊತ್ತುಮಾಡಲು ಗಡಿಯಾರದಷ್ಟು ಒಳ್ಳೆಯ ಉಪಕರಣ ಬೇರೆ ಇಲ್ಲ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ: ಪರದೆಯ ಮೇಲೆ ಹಸಿರು ಗುಂಡನ್ನು ಎಷ್ಟು ಬೇಕಾದರೂ ಹಾರಿಸಬಹುದು, ಆದರೆ ಅಚ್ಚ ಹಸಿರು ಕೊಡುವ ಬೇರಿಯಂ ಲವಣಗಳನ್ನು ಸುಪ್ರೀಂ ಕೋರ್ಟು 2018ರಲ್ಲೇ ನಿಷೇಧಿಸಿದೆ.

ಮತ್ತೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಕಾಲವೇ ಮುಖ್ಯವಾದರೆ ಬೆಂಕಿ ಯಾಕೆ, ಡ್ರೋನ್ ಸಾಲದೇ? 2022ರ ಬೀಟಿಂಗ್ ರಿಟ್ರೀಟಿನಲ್ಲಿ ದೆಹಲಿಯ ಮೇಲೆ ಸಾವಿರ ಡ್ರೋನುಗಳು ಹಾರಿದವು. 2024ರ ದಸರೆಯಲ್ಲಿ ಮೈಸೂರಿನ ಬನ್ನಿಮಂಟಪದಲ್ಲಿ 1,500. ಡ್ರೋನು ಹೇಳಿದ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಇಳಿದು ಚಾರ್ಜ್ ಮಾಡಿಕೊಂಡು ನಾಳೆ ಮತ್ತೆ ತಾಲೀಮಿಗೆ ಬರುತ್ತದೆ. ಹೊಗೆಯಿಲ್ಲ, ಕಿವಿಗಡಚಿಕ್ಕುವ ಸದ್ದಿಲ್ಲ. ಊರ ನಡುವೆ, ಆಸ್ಪತ್ರೆಯ ಪಕ್ಕದಲ್ಲಿ ಅದೇ ಮೇಲು ಎಂದು ಒಪ್ಪಲೇಬೇಕು. ಆದರೆ ಅಲ್ಲಿ ಸಿಮ್ಯುಲೇಶನ್ನಿಗೂ ಪ್ರದರ್ಶನಕ್ಕೂ ಅಂತರವೇ ಇಲ್ಲ, ಪರದೆಯಲ್ಲಿ ಕಂಡದ್ದೇ ಆಕಾಶದಲ್ಲೂ ಕಾಣುತ್ತದೆ. ಬಿರುಸಿನಲ್ಲಿ ಆ ಅಂತರ ಉಳಿಯುತ್ತದೆ, ಅದನ್ನು ಸಂಭಾಳಿಸಲು ಮನುಷ್ಯರು ಬೇಕಾಗುತ್ತಾರೆ. ಅದಕ್ಕೇ ಈಗಿನ ಅತಿ ನಿಖರ ನಿಯಂತ್ರಣ ಯಂತ್ರಗಳಲ್ಲೂ ಒಂದು ಡೆಡ್‌ಮ್ಯಾನ್ ಸ್ವಿಚ್ ಇರುತ್ತದೆ: ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕಿಡಿ ಹೊರಡುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ. ದೊಡ್ಡ ಗುಂಡುಗಳನ್ನಷ್ಟೇ, ಇಲ್ಲವೇ ಒಂದು ಬದಿಯ ಕೊಳವೆಗಳನ್ನಷ್ಟೇ ನಡುವೆ ಸಿಡಿಯದಂತೆ ತಡೆಯುವ ಗುಂಡಿಗಳೂ ಇರುತ್ತವೆ. ತಿಂಗಳುಗಟ್ಟಲೆ ಪರದೆಯ ಮೇಲೆ ಕೂಡಿಸಿ ಕಳೆದ ಲೆಕ್ಕವೆಲ್ಲ ತಾನಾಗಿ ಓಡುತ್ತಿರುವಾಗ, ಆ ಸ್ವಿಚ್ಚು ಹಿಡಿದವರು ಪರದೆ ನೋಡುವುದಿಲ್ಲ. ಹೊಗೆ ಯಾವ ಕಡೆಗೆ ವಾಲುತ್ತಿದೆ ಎಂದು ನೋಡುತ್ತಿರುತ್ತಾರೆ.