ಒಳಲೆಯಿಂದ ನಳಿಗೆಯವರೆಗೆ

ಒಳಲೆ ಗೊತ್ತಲ್ಲ? ಒಂದು ಕಡೆ ಕೊಕ್ಕಿನ ಹಾಗೆ ಚಾಚಿಕೊಂಡಿರುವ ಪುಟ್ಟ ಬಟ್ಟಲು. ನಮ್ಮ ಹಾಸನದ ಕಡೆ ಬಾಣಂತನ ನಡೆದ ಮನೆಗಳಲ್ಲಿ ಹುಡುಕಿದರೆ ಇವತ್ತೂ ಒಂದು ಸಿಗುತ್ತದೆ. ಉಳ್ಳವರದ್ದು ಬೆಳ್ಳಿಯದು, ಉಳಿದವರದ್ದು ಹಿತ್ತಾಳೆ ಇಲ್ಲವೇ ಸ್ಟೀಲಿನದು. ತಮಿಳರು ಇದನ್ನೇ ಪಾಲಡೈ ಅನ್ನುತ್ತಾರೆ.

ಇದರ ಚರಿತ್ರೆ ಕೆದಕೋಕೆ ನನಗೊಂದು ಕಾರಣ ಇದೆ. ನನ್ನ ಮಗ ಊಟ ಮಾಡುವುದು ಮೂಗಿನ ನಳಿಗೆಯಲ್ಲಿ. ಬಾಯಲ್ಲಿ ಕೊಟ್ಟರೆ ಹಾಲು ಹೊಟ್ಟೆಗೆ ಹೋಗೋ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರು ಗಂಟೆಗೊಮ್ಮೆ ಸಿರಿಂಜು ಹಿಡಿದು ಕೂತಾಗ ಒಂದೇ ಪ್ರಶ್ನೆ... ಇಂಥ ಮಕ್ಕಳು ಹಿಂದೆ ಏನಾಗುತ್ತಿದ್ದರು?

ಹೊಳೆನರಸೀಪುರದ ಹಿರಿಯರನ್ನು ಕೇಳಿದರೆ ಉತ್ತರ ಒಂದೇ ಸಾಲು: "ಕೂಸು ಹಾಲು ಹಿಡೀಲಿಲ್ಲ, ಹೋಯ್ತು." ಸೀಳು ಅಂಗಳವೋ, ಹೃದಯದ ತೊಂದರೆಯೋ, ಮೆದುಳಿಗೆ ಪೆಟ್ಟೋ, ಎಲ್ಲಕ್ಕೂ ಅದೊಂದೇ ಮಾತು.

ಚೀಪಲಾರದ ಕೂಸಿಗೆ ಆಗ ಇದ್ದ ದೊಡ್ಡ ಆಸರೆ ಒಳಲೆ. ಅದು ಬರೀ ಅಜ್ಜಿ ಕಾಲದ ಸಾಮಾನಲ್ಲ ಸ್ವಾಮಿ! ಬಾಟಲಿ, ಕಪ್, ಪಾಲಡೈ ಮೂರನ್ನೂ ಹೋಲಿಸಿದ ಅಧ್ಯಯನವೊಂದು 1999ರಲ್ಲಿ ನಮ್ಮ ದೇಶದಿಂದಲೇ ಪ್ರಕಟವಾಯಿತು. ಕಡಿಮೆ ಹೊತ್ತಿನಲ್ಲಿ ಹೆಚ್ಚು ಹಾಲು ಒಳಹೋದದ್ದು ಪಾಲಡೈನಲ್ಲಿ. 2007ರಲ್ಲಿ ಇಂಗ್ಲೆಂಡಿನ ಅಧ್ಯಯನ ಮಾತ್ರ ಉಲ್ಟಾ ಹೇಳಿತು: ಹಾಲು ಹೆಚ್ಚು ಚೆಲ್ಲುತ್ತದೆ, ಹೊತ್ತೂ ಜಾಸ್ತಿ ಅಂತ. ನನಗನ್ನಿಸುವುದು, ಗುಟ್ಟು ಬಟ್ಟಲಲ್ಲಿಲ್ಲ, ಹಿಡಿದ ಕೈಯಲ್ಲಿದೆ. ಬಾಟಲಿಯ ಪ್ರಚಾರಕ್ಕೆ ತಡೆ ಹಾಕಿದ ಕಾನೂನು 1992ರಲ್ಲಿ ಬಂತು. ಇವತ್ತು ನವಜಾತ ಶಿಶುಗಳ ವಾರ್ಡಿನಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ನರ್ಸುಗಳು ಹಾಲು ಕುಡಿಸುವುದು ಇದೇ ಒಳಲೆಯಲ್ಲಿ.

ಆದರೆ ಒಳಲೆಗೆ ಇನ್ನೊಂದು ಮುಖವೂ ಇದೆ. ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಹರಳೆಣ್ಣೆಯನ್ನೋ ತುಪ್ಪವನ್ನೋ ಸುರಿಯುವ ಪದ್ಧತಿ. ಎಣ್ಣೆ ಶ್ವಾಸಕೋಶಕ್ಕಿಳಿದು ಬರುವ ನ್ಯುಮೋನಿಯಾವನ್ನು ದಕ್ಷಿಣ ಭಾರತದ ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ. ನುಂಗಲು ಬಾರದ ಮಗುವಿಗಂತೂ ಅದು ವಿಷ. ಅದೇ ಬಟ್ಟಲು ಒಂದು ಮಗುವನ್ನು ಉಳಿಸಿದೆ, ಇನ್ನೊಂದನ್ನು ಕಳೆದಿದೆ.

ನಳಿಗೆ ಬಂದದ್ದು ಬೇರೆ ದಾರಿಯಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಹೇಳುವ 'ರೈಲ್ಸ್ ಟ್ಯೂಬ್' ಬ್ರಿಟಿಷ್ ವೈದ್ಯ ಜಾನ್ ಆಲ್ಫ್ರೆಡ್ ರೈಲ್ ಹೆಸರಿನದು, 1921ರ ಸುಮಾರಿನದು. ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನ ಸಹಾಯದಿಂದ ನೇರ ಜಠರಕ್ಕೇ ನಳಿಗೆ ಕೂರಿಸುವ 'ಪೆಗ್' ಮೊದಲು ನಡೆದದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ. ಅದೂ ಒಂದು ಹಸುಗೂಸಿಗೆ!

ನಳಿಗೆ ಇದ್ದರೆ ಸಾಕೇ? ಅದನ್ನು ಹಾಕುವವರ ಹತ್ತಿರ ಹೋಗಬೇಕಲ್ಲ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಯಿತು. ಹೊಳೆನರಸೀಪುರದವರಿಗೆ ಮೈಸೂರು-ಅರಸೀಕೆರೆ ರೈಲು ಇತ್ತು, ಹೇಗೋ ಆಗುತ್ತಿತ್ತು. ಚನ್ನರಾಯಪಟ್ಟಣದ ಮೇಲಿನ ಬೆಂಗಳೂರು ರೈಲು ಪೂರ್ತಿಯಾಗಿದ್ದು 2017ರಲ್ಲಿ. ಅರಕಲಗೂಡಿಗೆ ರೈಲೇ ಇಲ್ಲ, ಬಸ್ಸೇ ಗತಿ. ಹಾಸನದಲ್ಲಿ ವೈದ್ಯಕೀಯ ಕಾಲೇಜು ಶುರುವಾಗಿದ್ದು 2006ರಲ್ಲಿ. ಹುಟ್ಟಿನಿಂದ ಹದಿನೆಂಟರವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ: ಯಾವ ವರ್ಷ ಹುಟ್ಟಿದೆ, ಯಾವ ಊರಲ್ಲಿ ಹುಟ್ಟಿದೆ ಅನ್ನುವುದೇ ಮಗುವಿನ ಆಯಸ್ಸು ನಿರ್ಧರಿಸುತ್ತಿತ್ತು.

ಇನ್ನು ನಮ್ಮ ರಾಗಿ ಸರಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುವ ಕೆಲಸ ಅಜ್ಜಿಯರಿಗೆ ಹೇಳಿಕೊಡಬೇಕಿಲ್ಲ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ. ಅದಕ್ಕೇ ಮೊಳಕೆ ಹಿಟ್ಟಿನ ಗಂಜಿ ಅಂಟಂಟಾಗದೆ ತೆಳ್ಳಗಿರುತ್ತದೆ, ನೀರು ಸುರಿದು ಸಾರ ಕಳೆಯಬೇಕಾಗಿಲ್ಲ. 1950ರಲ್ಲಿ ಆರಂಭವಾದ ಮೈಸೂರಿನ ಸಿಎಫ್‌ಟಿಆರ್‌ಐ ಮೊಳಕೆ ಧಾನ್ಯದ ಶಿಶು ಆಹಾರಗಳ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಹಾಗಂತ ಮನೆಯ ಸರಿಯನ್ನು ನಳಿಗೆಗೆ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಡಾಕ್ಟರನ್ನು ಕೇಳಿಯೇ ಮಾಡಿ.

ರಾಜರದ್ದು, ದೇವಸ್ಥಾನದ್ದು ಶಾಸನಗಳಿವೆ. ಹಾಲು ಹಿಡಿಯದ ಕೂಸುಗಳಿಗೆ ಒಂದು ಕಲ್ಲೂ ಇಲ್ಲ. ಅವರನ್ನು ಉಳಿಸಲು ರಾತ್ರಿಯೆಲ್ಲ ಹನಿ ಹನಿ ಕುಡಿಸಿದ ಅಜ್ಜಿಯರಿಗೂ ಇಲ್ಲ. ನಿಮ್ಮ ಮನೆಯ ಹಿರಿಯರಿಗೆ ಏನಾದರೂ ನೆನಪಿದ್ದರೆ ಕೇಳಿ, ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ನಿಮ್ಮೂರಲ್ಲಿ ಒಳಲೆಗೆ ಏನಂತಾರೆ, ಅದನ್ನೂ ಹೇಳಿ.